ಪಟ್ಟಕ್ಕೆ ಬಂದ ಗುಂಡುಕಲ್ಲು

ಬಹಳ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ ಕಾಲದಲ್ಲಿ, ಏಳು ಬೆಟ್ಟದ ಆಚೆಗೆ ಕಣಿವೆಗೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಧರಣಿಪಾಲ ಅಂತ ಒಬ್ಬ ರಾಜ. ಕೆಟ್ಟವನೇನಲ್ಲ. ಆದರೆ ಒಂದು ಯುದ್ಧದಲ್ಲಿ ಸೋತು ಬಂದಿದ್ದ. ಸೋತು ಬಂದ ಗಂಡಸು ತಪ್ಪು ಯಾರದು ಅಂತ ಮನೆಯೆಲ್ಲ ಹುಡುಕುತ್ತಾನಲ್ಲ, ಹಾಗೆ ಅವನು ಸಿಂಹಾಸನದ ಮೇಲೆ ಕೂತು ಹುಡುಕುತ್ತಿದ್ದ.

ಆಗ ಕಂಕಾಳಯ್ಯ ಎಂಬ ಮಾಂತ್ರಿಕ ಬಂದ. ಅವನ ಕಂಕುಳಲ್ಲಿ ಒಂದು ಬಂಗಾರದ ಮೊರ.

"ಮಹಾಪ್ರಭು, ಅನ್ನಕ್ಕಿಡೋ ಮುಂಚೆ ನಿಮ್ಮ ಅಡುಗೆಮನೆಯಲ್ಲಿ ಅಕ್ಕಿ ಕೇರುತ್ತಾರೋ ಇಲ್ಲವೋ?"

"ಕೇರುತ್ತಾರೆ."

"ಮತ್ತೆ ಪ್ರಜೆಗಳನ್ನು ಯಾಕೆ ಕೇರಿಲ್ಲ? ಜೊಳ್ಳೂ ಕಾಳೂ ಬೆರೆತ ಸೈನ್ಯ ಕಟ್ಟಿಕೊಂಡು ಹೋದಿರಿ, ಸೋತಿರಿ. ಈ ಮೊರದಲ್ಲಿ ಹುಟ್ಟಿದ ಕೂಸನ್ನು ಮಲಗಿಸಿ. ಮೊರ ತಾನೇ ಕೇರುತ್ತೆ. ಗಟ್ಟಿ ಕಾಳಾದರೆ ಉಳಿಯುತ್ತೆ, ಜೊಳ್ಳಾದರೆ ಹಾರಿಹೋಗುತ್ತೆ. ಒಂದು ತಲೆಮಾರು ಕಳೆಯಲಿ, ನಿಮ್ಮ ರಾಜ್ಯದಲ್ಲಿ ಕುಂಟರಿಲ್ಲ, ಕುರುಡರಿಲ್ಲ, ಸೋಲೂ ಇಲ್ಲ."

ರಾಜನಿಗೆ ಅದು ಎಷ್ಟು ಚೆನ್ನಾಗಿ ಹಿಡಿಸಿತೆಂದರೆ, ತನ್ನ ಮನೆಯಿಂದಲೇ ಶುರು ಮಾಡಿದ. ನ್ಯಾಯವಂತ ಅನ್ನಿಸಿಕೊಳ್ಳಬೇಕಲ್ಲ. ರಾಣಿ ಮಾಳಲದೇವಿಗೆ ಆಗತಾನೆ ಹೆಣ್ಣು ಕೂಸು ಹುಟ್ಟಿತ್ತು. ಹೆಸರಿಟ್ಟಿರಲಿಲ್ಲ. ಮೊರದಲ್ಲಿ ಮಲಗಿಸಿದರು. ಮೊರ ಒಂದು ಸಲ ಅಲ್ಲಾಡಿತು. ಕೂಸು ಬೂರುಗದ ಹತ್ತಿಯ ಹಾಗೆ ಮೇಲೆದ್ದು, ಕಿಟಕಿಯಿಂದ ಆಚೆ ಹಾರಿ, ಬೂದಿಗುಡ್ಡದ ಕಡೆ ಹೋಯಿತು.

ಸಭೆಯೆಲ್ಲ ರಾಜನ ಮುಖ ನೋಡಿತು. ರಾಜ, "ಜೊಳ್ಳು" ಅಂದ. ಅಂದ ಮೇಲೆ ಮುಗಿಯಿತು ನೋಡಿ. ಅವತ್ತಿನಿಂದ ಆ ಮೊರ ಸುಳ್ಳಾಗುವ ಹಾಗಿರಲಿಲ್ಲ. ಅದು ಸುಳ್ಳಾದರೆ ತಾನು ಮಾಡಿದ್ದೇನು ಅಂತ ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು.

ಊರೂರಿಗೆ ಡಂಗುರ ಹೋಯಿತು.

"ಕೇಳ್ರಪ್ಪೋ ಕೇಳಿ. ಹುಟ್ಟಿದ ಕೂಸನ್ನು ಹೆಸರಿಡೋ ಮುಂಚೆ ಅರಮನೆಯ ಮೊರಕ್ಕೆ ಹಾಕಬೇಕು."

"ಕೇಳ್ರಪ್ಪೋ ಕೇಳಿ. ಕೂಸು ಹಾರಿಹೋದ ಮನೆಯವರಿಗೆ ಸೊಂಟಕ್ಕೆ ಕರಿದಾರ. ಆ ಮನೆಯಲ್ಲಿ ಇನ್ನು ತೊಟ್ಟಿಲು ತೂಗಬಾರದು."

"ಕೇಳ್ರಪ್ಪೋ ಕೇಳಿ. ಕೂಸು ಉಳಿದ ಮನೆಯವರಿಗೆ ಕೆಂಪುದಾರ. ಆ ಮನೆಯಲ್ಲಿ ವರ್ಷ ವರ್ಷವೂ ತೊಟ್ಟಿಲು ತುಂಬಬೇಕು."

ಆ ದಾರಗಳು ಸಾಮಾನ್ಯ ದಾರಗಳಲ್ಲ. ಕುಡುಗೋಲಿಗೂ ಹರಿಯುತ್ತಿರಲಿಲ್ಲ, ಬೆಂಕಿಗೂ ಸುಡುತ್ತಿರಲಿಲ್ಲ. ಕರಿದಾರ ಕಟ್ಟಿದವರಿಗೆ ಮಕ್ಕಳಾಗುತ್ತಿರಲಿಲ್ಲ. ಕೆಂಪುದಾರ ಕಟ್ಟಿದ ಹೆಣ್ಣುಮಕ್ಕಳು ಹೆತ್ತೂ ಹೆತ್ತೂ ಕೂದಲುದುರಿ, ಸೊಂಟ ಬಿದ್ದು, ಗೋಡೆ ಹಿಡಿದು ನಡೆಯುತ್ತಿದ್ದರು. ಜೊಳ್ಳಿಗಾಗಿ ಯಾರೂ ಅಳಬಾರದು ಅಂತಲೂ ಆಜ್ಞೆಯಿತ್ತು. ಜನ ಏನಂದರು ಅಂತೀರಾ? ರಾಜ್ಯಕ್ಕೆ ಒಳ್ಳೇದಂತೆ ಅಂದರು. ತಮ್ಮ ಮನೆಯ ಬಾಗಿಲು ಮುಚ್ಚಿಕೊಂಡು, ಪಕ್ಕದ ಮನೆಯ ತೊಟ್ಟಿಲಲ್ಲಿ ಇಣುಕುವುದನ್ನು ಕಲಿತರು.

ಆ ರಾಜ್ಯದ ಬಿದಿರುಪುರದಲ್ಲಿ ಪುಟ್ಟೀರಿ ಅಂತ ಒಬ್ಬ ಹುಡುಗಿ ಇದ್ದಳು. ಅಣ್ಣ ಚೆಲುವಯ್ಯ, ಅತ್ತಿಗೆ ಹೊಂಬಾಳಮ್ಮನ ಜೊತೆ ವಾಸ. ಅವಳಿಗೆ ಹುಟ್ಟಿನಿಂದ ಒಂದು ಪಾದ ಒಳಕ್ಕೆ ಮಡಿಸಿಕೊಂಡಿತ್ತು, ಎತ್ತಿ ಎತ್ತಿ ಹಾಕಿ ನಡೆಯುತ್ತಿದ್ದಳು. ಬಾವಿಯಿಂದ ಎರಡು ಕೊಡ ನೀರು ಹೊತ್ತರೂ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಮೊರ ಬಂದಾಗ ಅವಳು ಆಗಲೇ ದೊಡ್ಡವಳು, ಮೊರದಲ್ಲಿ ಹಿಡಿಸುತ್ತಿರಲಿಲ್ಲ. ಅರಮನೆಯವರು ಪಾದ ನೋಡಿದರು, ಅವಳೊಬ್ಬಳಿಗೇ ಕರಿದಾರ ಕಟ್ಟಿದರು, ಹೋದರು. ಮದುವೆ ಮಾತಾಡಿದ್ದ ಗಂಡು ಮಾರನೇ ದಿನ ಬೇರೆ ದಾರಿ ಹಿಡಿದು ಹೊಲಕ್ಕೆ ಹೋಗತೊಡಗಿದ.

ಹೊಂಬಾಳಮ್ಮನಿಗೆ ಗಂಡು ಕೂಸು ಹುಟ್ಟಿತು. ಚೆಲುವಯ್ಯ ಬಟ್ಟೆ ಸರಿಸಿ ನೋಡಿದ.

"ಪುಟ್ಟೀರಿ, ಕಾಲು ನಿನ್ನಂಗೇ ಕಣವ್ವ."

"ನನ್ನಂಗೇ ನಡೀತಾನೆ ಬಿಡಣ್ಣ," ಅಂದಳು ಪುಟ್ಟೀರಿ. ಅಂದು, ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹೆಸರಿಡಬಾರದು ಅಂತ ಆಜ್ಞೆಯಿತ್ತೇ ಹೊರತು, ಕೂಸನ್ನು ತೊಟ್ಟಿಲಿಗೆ ಹಾಕಬಾರದು ಅಂತ ಇರಲಿಲ್ಲ. ಅದಕ್ಕೆ ಕೇರಿಯ ಹೆಂಗಸರು ಸೇರಿ ತೊಟ್ಟಿಲ ಶಾಸ್ತ್ರಕ್ಕೆ ನಿಂತರು. ಶಾಸ್ತ್ರ ನಿಮಗೆ ಗೊತ್ತಲ್ಲ. ಮೊದಲು ತೊಟ್ಟಿಲಿಗೆ ಹೋಗೋದು ಕೂಸಲ್ಲ, ಒರಳಿನ ಗುಂಡುಕಲ್ಲು. ಅದಕ್ಕೆ ಸ್ನಾನ ಮಾಡಿಸಿ, ಎಣ್ಣೆ ಸವರಿ, ಕಾಡಿಗೆಯಲ್ಲಿ ಕಣ್ಣು ಬರೆದು, ತಲೆಗೆ ಕುಲಾವಿ ಕಟ್ಟಿ, ಹಳೇ ಸೀರೆಯಲ್ಲಿ ಸುತ್ತಿ ಮಲಗಿಸಬೇಕು. ಪಕ್ಕದ ಮನೆಯ ಸಣ್ಣಮ್ಮಜ್ಜಿ ಕಲ್ಲನ್ನು ತೊಟ್ಟಿಲಿಗಿಟ್ಟು, "ಗುಂಡಪ್ಪನ್ನ ತಗೊಳ್ಳಿ, ಕೂಸಪ್ಪನ್ನ ಕೊಡಿ" ಅಂದಳು. ಕೂಸು ಪುಟ್ಟೀರಿಯ ಸೆರಗಿನೊಳಗಿತ್ತು. ಇನ್ನೇನು ಕೊಡಬೇಕು, ಬಾಗಿಲು ದಡಾರನೆ ತೆರೆಯಿತು.

ಅರಮನೆಯ ದಳವಾಯಿ ಮಲ್ಲರಸ. ಸಂಜೆಗೆ ಬರುತ್ತೇನೆ ಅಂದವನು ಬೆಳಗ್ಗೆಯೇ ಪಲ್ಲಕ್ಕಿ ತಂದಿದ್ದ. ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಗಂಡಸರು ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಒಳಗೆ ಏನು ನಡೆಯುತ್ತದೆ ಅಂತ ಅವರಿಗೆ ಯಾವ ಕಾಲಕ್ಕೂ ಗೊತ್ತಿಲ್ಲ. ಮಲ್ಲರಸನಿಗೂ ಗೊತ್ತಿರಲಿಲ್ಲ. ನೇರವಾಗಿ ತೊಟ್ಟಿಲಿಗೆ ಕೈ ಹಾಕಿದ.

"ಅಬ್ಬ, ಏನು ಭಾರವವ್ವ ಇದು. ಬಸುರಿಯಾಗಿದ್ದಾಗ ಏನು ತಿಂದೆ ತಾಯಿ?"

ಹೊಂಬಾಳಮ್ಮ, "ರಾಗಿಮುದ್ದೆ, ಬುದ್ಧಿ," ಅಂದಳು.

"ಅಳೋದೂ ಇಲ್ಲವಲ್ಲ."

"ನಿದ್ದೇಲಿದೆ ಬುದ್ಧಿ," ಅಂದಳು ಸಣ್ಣಮ್ಮಜ್ಜಿ. "ಮುಸುಕು ತೆಗೀಬೇಡಿ, ಗಾಳಿ ಸೋಕುತ್ತೆ."

ಮಲ್ಲರಸ ಕಲ್ಲನ್ನು ಎದೆಗೊತ್ತಿಕೊಂಡು, ಜೋಪಾನವಾಗಿ ಮೆಟ್ಟಿಲಿಳಿದು ಹೊರಟುಹೋದ. ಪಲ್ಲಕ್ಕಿ ಮರೆಯಾಯಿತು. ಆಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು.

"ನಗಬೇಡ್ರೇ," ಅಂದಳು ಸಣ್ಣಮ್ಮಜ್ಜಿ. "ಅಲ್ಲಿ ಸೀರೆ ಬಿಚ್ಚಿದರೆ ಇಲ್ಲಿ ತಲೆ ಹೋಗುತ್ತೆ."

ಕೂಸನ್ನು ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಬಚ್ಚಿಟ್ಟರು.

ಅರಮನೆಯಲ್ಲಿ ಮೊರ ಅಲ್ಲಾಡಿತು. ಕಲ್ಲು ಕದಲಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿತು. ಕಲ್ಲು ಕದಲಲಿಲ್ಲ. ಕಂಬಗಳು ನಡುಗುವಂತೆ ಅಲ್ಲಾಡಿತು. ಕಲ್ಲು ಇದ್ದಲ್ಲೇ ಇತ್ತು. ಕೊನೆಗೆ ಮೊರವೇ ಸುಸ್ತಾಗಿ ನಿಂತಿತು.

ಕಂಕಾಳಯ್ಯ ಕೈ ಮುಗಿದ. "ಮಹಾಪ್ರಭು, ಇಂಥ ಗಟ್ಟಿ ಕಾಳನ್ನು ಈ ಮೊರ ಕಂಡೇ ಇಲ್ಲ."

"ಹಾಗಾದರೆ ಇವನೇ ಯುವರಾಜ," ಅಂದ ಧರಣಿಪಾಲ. ಕೂಸನ್ನು ರಾಣಿಯ ಮಡಿಲಿಗೆ ಹಾಕಿದ. ಮಾಳಲದೇವಿಯ ಬೆರಳಿಗೆ ಸೀರೆಯೊಳಗಿನ ತಣ್ಣಗಿನ ಕಲ್ಲು ತಗುಲಿತು. ಅವಳೂ ತೊಟ್ಟಿಲ ಶಾಸ್ತ್ರ ಕಂಡವಳೇ. ಕುಲಾವಿಯನ್ನು ಹಣೆ ಮುಚ್ಚುವಂತೆ ಕೆಳಕ್ಕೆ ಎಳೆದಳು.

"ಮಲಗಿದೆ, ಯಾರೂ ಮುಟ್ಟಬೇಡಿ. ನೋಡಿಕೊಳ್ಳೋಕೆ ಇದರ ಸೋದರತ್ತೆಯನ್ನು ಕರೆಸಿ."

ಪುಟ್ಟೀರಿ ಬಂದಳು. ರಾಣಿ ದಾಸಿಯರನ್ನೆಲ್ಲ ಕಳಿಸಿ, ಬಾಗಿಲು ಹಾಕಿ, ಮೆಲ್ಲಗೆ ಕೇಳಿದಳು.

"ಕಾರ ಅರೆಯೋ ಕಲ್ಲಾ, ಕಾಯಿ ಅರೆಯೋ ಕಲ್ಲಾ?"

"ಎರಡಕ್ಕೂ ಒಂದೇ, ತಾಯಿ. ನಮ್ಮನೆಯಲ್ಲಿ ಇರೋದು ಒಂದೇ ಒರಳು."

"ಕೂಸು?"

"ವಾಡೆಯಲ್ಲಿದೆ."

"ಉಸಿರಾಡೋಕೆ ಸಂದು ಬಿಟ್ಟಿದೀರಾ?"

"ಬಿಟ್ಟಿದೀವಿ ತಾಯಿ."

ರಾಣಿ ಆಗ ತನ್ನ ಮಗಳ ಮಾತು ತೆಗೆದಳು. "ಅವಳು ಏನೂ ಮಾಡಲಿಲ್ಲ ಪುಟ್ಟೀರಿ. ಮೊರದಲ್ಲಿ ಒಂದು ಸಲ ಕಾಲು ಝಾಡಿಸಿದಳು ಅಷ್ಟೆ. ಬೂದಿಗುಡ್ಡದ ಗಾಳಿಯಲ್ಲಿ ಎಲ್ಲ ಮಕ್ಕಳೂ ಸುತ್ತುತ್ತಾವಂತೆ. ಕರೆದರೆ ಬರುತ್ತಾವಂತೆ. ಏನಂತ ಕರೆಯೋದು? ಹೆಸರೇ ಇಡಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕೂಗಿ ಹೇಳೋಕೆ ಇಷ್ಟು ವರ್ಷ ಧೈರ್ಯ ಬರಲಿಲ್ಲ."

ಪುಟ್ಟೀರಿ ಅರಮನೆಯಲ್ಲೇ ಉಳಿದಳು. ಕಲ್ಲಿಗೆ ದಿನಾ ಸ್ನಾನ ಮಾಡಿಸಿದಳು, ಕಾಡಿಗೆ ತೀಡಿದಳು, ತೂಗಿದಳು. ತೂಗುತ್ತಾ ಪರದೆಯ ಸಂದಿಯಿಂದ ಕೇರುವುದನ್ನು ನೋಡಿದಳು. ಕಮ್ಮಾರರ ಮನೆಯ ಗುಂಡುಗುಂಡಾದ ಕೂಸು ಒಂದು ಸೀನು ಸೀನಿತು, ಹಾರಿಹೋಯಿತು. ಕಡ್ಡಿಯಂಥ ಕೂಸೊಂದು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು, ಉಳಿಯಿತು. ಎಚ್ಚರವಾಗಿ ಅಮ್ಮನ ಮುಖ ಹುಡುಕಿದ್ದು ಹಾರಿತು. ಹಾಲು ಕುಡಿದು ನಿದ್ದೆ ಹೋದದ್ದು ಉಳಿಯಿತು. ಪುಟ್ಟೀರಿ ನೋಡಿದಳು, ನೋಡಿದಳು, ತೂಗೋ ಕೈ ನಿಂತುಹೋಯಿತು. ಇಷ್ಟೇನಾ? ಇಷ್ಟಕ್ಕೇನಾ ರಾಜ್ಯದಲ್ಲಿ ಅರ್ಧ ಮನೆಗಳಿಗೆ ಕರಿದಾರ?

ಈ ಕಡೆ ಕಂಕಾಳಯ್ಯನಿಗೆ ಅನುಮಾನ ಹುಟ್ಟಿತು. ಅವನ ಹತ್ತಿರ ಮೂರು ಮಾಯಾಪ್ರಾಣಿಗಳಿದ್ದವು.

ಮೊದಲು ಗಿಣಿಯನ್ನು ಬಿಟ್ಟ. ಅದು ಯಾವ ಕೂಸಿನ ಅಳು ಕೇಳಿದರೂ ಹಾಗೇ ಅತ್ತು ತೋರಿಸುವ ಗಿಣಿ. ಬೆಳಗಿನಿಂದ ಸಂಜೆವರೆಗೆ ತೊಟ್ಟಿಲ ಮೇಲೆ ಕೂತು, ರಾಜನ ಮುಂದೆ ಬಂದು ಬಾಯಿ ಮುಚ್ಚಿಕೊಂಡಿತು. "ನೋಡಿ ಕಂಕಾಳಯ್ಯನವರೇ," ಅಂದ ರಾಜ ಹೆಮ್ಮೆಯಿಂದ, "ನನ್ನ ಮಗ ಅಳೋದೇ ಇಲ್ಲ."

ಎರಡನೆಯದು ಬೆಕ್ಕು. ಅದು ಮೂಸಿ ಬಂದು, "ಯುವರಾಜರ ಮೈಯಲ್ಲಿ ಹಾಲಿನ ವಾಸನೆ ಇಲ್ಲ. ಬೆಳ್ಳುಳ್ಳಿ ವಾಸನೆ" ಅಂತು.

ಎಲ್ಲರೂ ಪುಟ್ಟೀರಿಯ ಕಡೆ ತಿರುಗಿದರು.

"ಬಾಣಂತಿ ಮನೆಯ ಕೂಸು ಸ್ವಾಮಿ," ಅಂದಳು ಅವಳು. "ಬೆಳ್ಳುಳ್ಳಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?"

ರಾಜ ನಕ್ಕುಬಿಟ್ಟ. ಮಗಳು ಹಾರಿಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಮೂರನೆಯದು ಹಾವು. ಅದು ತೊಟ್ಟಿಲ ಕಾಲಿಗೆ ಸುತ್ತಿಕೊಂಡು, ಹೆಡೆಯನ್ನು ಕಲ್ಲಿನ ಮೇಲಿಟ್ಟು ಕೇಳಿತು. ಆಮೇಲೆ ಕಂಕಾಳಯ್ಯನ ಕಿವಿಯಲ್ಲಿ ಮಾತ್ರ ಹೇಳಿತು. "ಎದೆ ಬಡಿತವಿಲ್ಲ. ನನಗಿಂತ ತಣ್ಣಗಿದೆ."

ಕಂಕಾಳಯ್ಯ ಪುಟ್ಟೀರಿಯನ್ನು ಮೂಲೆಗೆ ಕರೆದ. ಸಿಟ್ಟಾಗಿರಲಿಲ್ಲ, ನಗುತ್ತಿದ್ದ.

"ಕಲ್ಲಲ್ಲವೇನೇ? ಇರಲಿ, ನನಗೆ ಕಲ್ಲೇ ಸಾಕು. ಕಲ್ಲು ರಾಜನಾದರೆ ಅವನ ಮಾತನ್ನೆಲ್ಲ ನಾನೇ ಆಡಬಹುದು. ಆದರೆ ಇದರ ಬದಲಿಗೆ ಒಂದು ಕೂಸು ಎಲ್ಲೋ ಇರಬೇಕಲ್ಲ? ಅದು ಇರಬಾರದು."

ಮಾರನೇ ದಿನ ರಾಜ ಯುವರಾಜನನ್ನು ತೊಡೆಯ ಮೇಲಿಟ್ಟುಕೊಂಡು ಸಭೆಗೆ ಕೂತಿದ್ದಾಗ ಮಲ್ಲರಸ ಹೊಂಬಾಳಮ್ಮನನ್ನೂ ಕೂಸನ್ನೂ ಹಿಡಿದು ತಂದ. ವಾಡೆಯೊಳಗೆ ಅಳು ಕೇಳಿತಂತೆ. ಅವತ್ತು ಕೇರಿಸಲು ಕೂಸು ತಂದ ತಾಯಂದಿರೆಲ್ಲ ಬಾಗಿಲವರೆಗೆ ಸಾಲಾಗಿ ನಿಂತಿದ್ದರು.

"ಬಚ್ಚಿಟ್ಟಿದ್ದ ಜೊಳ್ಳು," ಅಂದ ಕಂಕಾಳಯ್ಯ. "ಮೊದಲು ಇದನ್ನೇ ಕೇರೋಣ."

ಕೂಸು ಪೂರ್ತಿ ಎಚ್ಚರವಾಗಿತ್ತು. ನೆಟ್ಟಗಿದ್ದ ಕಾಲನ್ನೂ ಒದೆಯುತ್ತಿತ್ತು, ಮಡಿಸಿದ್ದ ಕಾಲನ್ನೂ ಒದೆಯುತ್ತಿತ್ತು. ಪುಟ್ಟೀರಿ ಓಡಿಬಂದು ಎತ್ತಿಕೊಂಡಳು.

"ಒಂದು ಗಳಿಗೆ ಸ್ವಾಮಿ, ಹೆದರಿದೆ. ಸಮಾಧಾನ ಮಾಡಿ ಕೊಡ್ತೀನಿ."

ಹೆಗಲಿಗೆ ಹಾಕಿಕೊಂಡು ಜೋಗುಳ ಹಾಡಿದಳು. ಕೂಸು ಅತ್ತೆಯ ದನಿ ಗುರುತಿಸಿತು. ಒದೆಯುವುದು ನಿಂತಿತು. ರೆಪ್ಪೆ ಭಾರವಾಯಿತು. ಇನ್ನೆರಡು ಸಾಲು ಹಾಡಿದರೆ ನಿದ್ದೆ. ನಿದ್ದೆ ಹೋದರೆ ಉಳಿಯುತ್ತೆ. ಪುಟ್ಟೀರಿಗೆ ಗೊತ್ತಿತ್ತು.

ಹಾಡುತ್ತಾ ಹಾಡುತ್ತಾ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಸಾಲಿನಲ್ಲಿ ನಿಂತ ತಾಯಂದಿರು. ಒಬ್ಬಳ ಕೂಸು ಅವಳ ಮೂಗು ಹಿಡಿದು ಎಳೆಯುತ್ತಿತ್ತು. ಒಬ್ಬಳದು ಕೇಕೆ ಹಾಕುತ್ತಿತ್ತು. ಎಲ್ಲ ಎಚ್ಚರವಾಗಿದ್ದವು.

ಪುಟ್ಟೀರಿಯ ಜೋಗುಳ ಅಲ್ಲಿಗೇ ನಿಂತುಹೋಯಿತು. ಕೂಸು ಕಣ್ಣು ಬಿಟ್ಟಿತು.

"ಹಾಡೇ," ಅಂದಳು ಹೊಂಬಾಳಮ್ಮ. "ಪುಟ್ಟೀರಿ, ಹಾಡೇ ನನ್ನವ್ವ."

"ಇವನೊಬ್ಬನಿಗೆ ಹಾಡಿದರೆ ಆಗಲ್ಲ ಅತ್ತಿಗೆ," ಅಂದಳು ಪುಟ್ಟೀರಿ. ಕೂಸನ್ನು ತಾಯಿಯ ಕೈಗೆ ಕೊಟ್ಟಳು. ಕಾಲು ಎತ್ತಿ ಹಾಕುತ್ತಾ ಸಿಂಹಾಸನದ ಹತ್ತಿರ ಹೋಗಿ, ರಾಜನ ತೊಡೆಯ ಮೇಲಿದ್ದ ಯುವರಾಜನ ಸೀರೆ ಬಿಚ್ಚಿ, ಕುಲಾವಿ ತೆಗೆದಳು. ಗುಂಡುಕಲ್ಲು ಎಲ್ಲರಿಗೂ ಕಂಡಿತು.

ರಾಜನ ಮುಖ ಕಪ್ಪಿಟ್ಟಿತು. "ನನಗೆ ಮೋಸ ಮಾಡಿದೆಯಾ?"

"ನಾನಲ್ಲ ಸ್ವಾಮಿ. ನಿಮ್ಮ ದಳವಾಯಿಗಳು ತೊಟ್ಟಿಲಲ್ಲಿದ್ದ ಕಲ್ಲನ್ನು ಎತ್ತಿಕೊಂಡು ಬಂದರು. ನಾವು ಹೆಂಗಸರು ಬಾಯಿ ಮುಚ್ಚಿಕೊಂಡಿದ್ದೆವು. ನಿಮ್ಮ ಆಜ್ಞೆ ಬಂದ ದಿನದಿಂದ ಅದನ್ನೇ ತಾನೇ ಮಾಡ್ತಿರೋದು? ಕಲ್ಲನ್ನು ಗಟ್ಟಿ ಕಾಳು ಅಂದಿದ್ದು ನಿಮ್ಮ ಮೊರ. ಅಲುಗದೆ ಬಿದ್ದಿರೋದನ್ನು ಅದು ಇಟ್ಟುಕೊಳ್ಳುತ್ತೆ. ನಿದ್ದೆಯಲ್ಲಿದ್ದ ಕೂಸು ಉಳೀತು, ಎಚ್ಚರವಾಗಿದ್ದ ಕೂಸು ಹಾರಿತು. ಅದಕ್ಕೆ ಜೊಳ್ಳೂ ಗೊತ್ತಿಲ್ಲ, ಕಾಳೂ ಗೊತ್ತಿಲ್ಲ."

ಸಭೆಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಕೂಸನ್ನು ನೆನೆಸಿಕೊಂಡರು. ಅವತ್ತು ಅದು ಎಚ್ಚರವಾಗಿತ್ತಾ? ಮಲ್ಲರಸನ ಕತ್ತಿ ತಾನಾಗಿ ಕೆಳಗಿಳಿಯಿತು. ಅವನ ಮನೆಯಲ್ಲೂ ಕರಿದಾರವಿತ್ತು.

"ಸುಳ್ಳು," ಅಂದ ಕಂಕಾಳಯ್ಯ.

ರಾಣಿ ಎದ್ದು ನಿಂತಳು. "ಸುಳ್ಳಾದರೆ ತಿಳಿದುಹೋಗುತ್ತೆ. ಸ್ವಾಮಿ, ನಮ್ಮ ಮಗಳನ್ನು ಮಲಗಿಸಿದ ಮೊರದಲ್ಲಿ ಒಂದು ಸಲ ನೀವೇ ಕೂತು ನೋಡಿ."

ರಾಜ ಕೂತ. ರಾಜನಲ್ಲವೇ, ಅವನು ಮುದುರಿ ಕೂತಾಗ ಮಾಯೆಯ ಮೊರ ತಾನೇ ಅಗಲವಾಯಿತು. ಉಸಿರು ಬಿಗಿ ಹಿಡಿದು, ಬಂಡೆಯ ಹಾಗೆ ಕೂತ. ಮೊರ ಅಲ್ಲಾಡಿತು. ಅಷ್ಟರಲ್ಲಿ ಅವನ ಕಣ್ಣು ಎದುರಿನ ಕಿಟಕಿಯ ಮೇಲೆ ಬಿತ್ತು. ಮಗಳು ಹೋದ ಕಿಟಕಿ. ಎದೆಯೊಳಗೆ ಏನೋ ಅಲುಗಿತು. ಮರುಗಳಿಗೆಗೆ ರಾಜ ಬೂರುಗದ ಹತ್ತಿಯ ಹಾಗೆ ಮೇಲೆದ್ದ, ಕಿರೀಟ ಸೂರಿಗೆ ತಗುಲಿ ಠಣ್ ಅಂತು.

ಇನ್ನೇನು ಕಿಟಕಿಯಿಂದ ಆಚೆ ಹೋಗಬೇಕು, ಯಾರೋ ಅವನ ಕಾಲು ಹಿಡಿದರು.

"ಯಾರದು ಹಿಡಿದಿರೋದು?"

"ಜೊಳ್ಳು, ಸ್ವಾಮಿ," ಅಂದಳು ಪುಟ್ಟೀರಿ.

ರಾಜ ಕೂಸಿನ ಹಾಗೆ, "ಬಿಡಬೇಡ ಕಣವ್ವ" ಅಂದ.

"ಬಿಡಲ್ಲ ಬಿಡಿ. ನೀರಿನ ಕೊಡ ಹೊತ್ತ ಕೈ ಇದು."

ಕಂಕಾಳಯ್ಯ ಗಹಗಹಿಸಿ ನಕ್ಕ. "ರಾಜನೇ ಜೊಳ್ಳು. ಇನ್ನು ಈ ರಾಜ್ಯದಲ್ಲಿ ಗಟ್ಟಿ ಕಾಳು ನಾನೊಬ್ಬನೇ. ನೋಡಿ ಬೇಕಾದರೆ." ಮೊರದ ಮೇಲೆ ತಾನೇ ಹತ್ತಿ ಕೂತು, ಅಲುಗದ ಮಂತ್ರ ಶುರು ಮಾಡಿದ. ಮೊರ ಅಲ್ಲಾಡಿತು. ಅವನ ಪಾದ ಕಲ್ಲಾಯಿತು. ಇನ್ನೂ ಅಲ್ಲಾಡಿತು. ಅವನ ಎದೆ ಕಲ್ಲಾಯಿತು. ಸಾಕು ಅನ್ನೋಣ ಅಂತ ಬಾಯಿ ತೆರೆದ, ಅಷ್ಟರಲ್ಲಿ ನಾಲಿಗೆಯೂ ಕಲ್ಲಾಯಿತು. ಆ ಭಾರಕ್ಕೆ ಬಂಗಾರದ ಮೊರ ನಡು ಮುರಿದು, ಚೂರು ಚೂರಾಯಿತು. ರಾಜ ಮೇಲಿನಿಂದ ದೊಪ್ಪನೆ ಬಿದ್ದ, ಪುಟ್ಟೀರಿಯ ಮೇಲೆಯೇ ಬಿದ್ದ. ಇಬ್ಬರಿಗೂ ಸೊಂಟ ಉಳುಕಿತು.

ರಾಜ್ಯದಲ್ಲೆಲ್ಲ ದಾರಗಳು ಪಟಪಟ ಹರಿದು ಬಿದ್ದವು, ಕರಿಯದೂ ಕೆಂಪಿನದೂ.

ರಾಜ ನೆಲದ ಮೇಲೆ ಕೂತೇ ರಾಣಿಯನ್ನು ಕೇಳಿದ. "ಏನು ಹೆಸರು ಇಟ್ಟುಕೊಂಡಿದ್ದೆ?"

ಮಾಳಲದೇವಿ ಕಿಟಕಿಗೆ ಹೋಗಿ, ಬೂದಿಗುಡ್ಡದ ಕಡೆ ಮುಖ ಮಾಡಿ, ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಹೆಸರನ್ನು ಕೂಗಿದಳು. "ತಾವರೇ. ಬಾರೇ ಮನೆಗೆ."

ಬೂದಿಗುಡ್ಡದ ಮೇಲಿಂದ ಬಿಳೀ ಚುಕ್ಕೆಯೊಂದು ಹೊರಟಿತು. ಹತ್ತಿರ ಬಂದಷ್ಟೂ ದೊಡ್ಡದಾಯಿತು. ಕಿಟಕಿಯ ಮೇಲೆ ಇಳಿದಾಗ ಆರೇಳು ವರ್ಷದ ಹುಡುಗಿ, ತಲೆ ತುಂಬ ಗಾಳಿಗೆ ಕೆದರಿದ ಕೂದಲು. "ಎಷ್ಟು ಹೊತ್ತು ಕರೆಯೋಕೆ?" ಅಂದಳು.

ಆಮೇಲೆ ಕೋಟೆಯ ಗೋಡೆ ಹತ್ತಿ ರಾಜ್ಯದ ಸೋದರತ್ತೆಯರೆಲ್ಲ ಹೆಸರು ಕೂಗಿದರು. ಬೂರುಗದ ಕಾಯಿ ಒಡೆದ ಹಾಗೆ ಆಕಾಶ ಬೆಳ್ಳಗಾಯಿತು. ಕೆಲವು ಮಕ್ಕಳ ತಾಯಂದಿರು ಅಷ್ಟರಲ್ಲಿ ತೀರಿಕೊಂಡಿದ್ದರು. ಕೆಲವು ಹೆಂಗಸರಿಗೆ ದಾರ ಹರಿದರೂ ಹೆರುವ ವಯಸ್ಸು ಮೀರಿತ್ತು. ಅವರಿಗೆ ಯಾರು ಏನು ಹೇಳಿದರೂ ಹೋದದ್ದು ಬರುವುದಿಲ್ಲ. ಆದರೂ ಕರೆಯುವವರಿಲ್ಲದ ಮಕ್ಕಳಿಗೆ ಅವರೇ ಹೆಸರಿಟ್ಟು ಕರೆದರು, ಮಡಿಲಿಗೆ ಹಾಕಿಕೊಂಡರು. ಕುಂಟು ಮಕ್ಕಳೂ ಬಂದವು, ಕುರುಡು ಮಕ್ಕಳೂ ಬಂದವು, ಮಾತು ಬಾರದವೂ ಬಂದವು. ಎಲ್ಲಕ್ಕೂ ಹಸಿವಾಗಿತ್ತು. ಅರಮನೆಯಲ್ಲಿ ಅನ್ನಕ್ಕಿಟ್ಟರು.

ಕಂಕಾಳಯ್ಯನನ್ನು ಹೊಳೆದಂಡೆಗೆ ಉರುಳಿಸಿಕೊಂಡು ಹೋದರು. ಅಗಸರು ಅವನ ಮೇಲೆ ಬಟ್ಟೆ ಒಗೆದರು. ಚೆನ್ನಾಗಿ ಕೊಳೆ ಬಿಡುತ್ತದೆ ಅಂತ ಆ ಕಲ್ಲಿಗೆ ಹೆಸರಾಯಿತು.

ಬಿದಿರುಪುರದಲ್ಲಿ ಮತ್ತೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡರು. ಪುಟ್ಟೀರಿ ಅಳಿಯನ ಕಿವಿಯಲ್ಲಿ ಹೆಸರು ಊದಿದಳು, ಚಿಕ್ಕೀರ ಅಂತ. ಹೆಸರಿಟ್ಟ ಸೋದರತ್ತೆಗೆ ಬೆನ್ನ ಮೇಲೆ ಗುದ್ದು ಹಾಕಬೇಕಲ್ಲ, ರಾಣಿಯೇ ಬಂದು ಗುದ್ದಿದಳು, ಉಳುಕಿದ ಸೊಂಟಕ್ಕೆ ಸರಿಯಾಗಿ ಬಿತ್ತು. ಜಗುಲಿಯ ಮೇಲೆ ಗಂಡಸರ ಸಾಲಿನಲ್ಲಿ ಕೂತಿದ್ದ ರಾಜ ಕೂಸನ್ನು ಎತ್ತಿಕೊಳ್ಳಲೇ ಅಂತ ಕೇಳಿದ. ಹೊಂಬಾಳಮ್ಮ ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಕೊಟ್ಟಳು. ಕೂಸು ಎರಡು ಕಾಲನ್ನೂ ಝಾಡಿಸಿ, ಅವನ ಪೀತಾಂಬರ ಒದ್ದೆ ಮಾಡಿತು. ಅವನು ಹಾಗೇ ಹಿಡಿದುಕೊಂಡು ಕೂತಿದ್ದ.

ಗುಂಡುಕಲ್ಲು ಒರಳಿಗೆ ವಾಪಸು ಬಂತು. ಅವತ್ತಿನ ಚಟ್ನಿಯನ್ನು ಯುವರಾಜರೇ ಅರೆದರು. ಅಲ್ಲಿಂದಾಚೆಗೆ ಚಿಕ್ಕೀರ ಅತ್ತೆಯ ಹಾಗೇ ಕಾಲು ಎತ್ತಿ ಹಾಕುತ್ತಾ ಬೆಳೆದ, ತಾವರೆ ಮರ ಹತ್ತುತ್ತಾ ಬೆಳೆದಳು, ಕಣಿವೆಗೋಟೆಯವರು ಜಗಳವಾಡಿಕೊಂಡು, ನಕ್ಕುಕೊಂಡು, ಸುಖವಾಗಿದ್ದರು.

ನಾವು ಇವತ್ತಿಗೂ ತೊಟ್ಟಿಲಿಗೆ ಮೊದಲು ಗುಂಡಪ್ಪನನ್ನೇ ಹಾಕುತ್ತೇವೆ. ಎತ್ತಿಕೊಂಡು ಹೋಗೋಕೆ ಯಾರಾದರೂ ಬಂದರೆ ಕಲ್ಲನ್ನು ತಗೊಂಡು ಹೋಗಲಿ. ಕೂಸು ಅತ್ತೆಯ ಸೆರಗಿನಲ್ಲಿ, ಎಚ್ಚರವಾಗಿ, ಕಾಲು ಬಡಿಯುತ್ತಾ ಇರಲಿ.